ಒಂದು ದಿನದ ಹಳದಿ

ನನಗೂ ನನ್ನ ಅತ್ತೆಗೂ ಆಗಿಬರುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ನಲ್ಲೂರಿನ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಮೇವು ಬಿಟ್ಟು ಹಣ್ಣಾದ ಹುಳು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ ಅತ್ತೆಯದು. ನಾನು ಮುಟ್ಟಿದರೆ ಕೈ ಮೇಲೆ ಹೊಡೆಯುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ಅವರೇ ಹಣ್ಣಾಗದ ಹುಳುಗಳನ್ನು ಬಿಡತೊಡಗಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಸಕ್ಕರೆ ಕಾಯಿಲೆ ಒಂದು ಕಣ್ಣನ್ನು ಆಗಲೇ ತಿಂದುಹಾಕಿದೆ, ಇನ್ನೊಂದಕ್ಕೂ ಕೈ ಹಾಕಿದೆ ಎಂದು ತಿಳಿದದ್ದು ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ.

ಕರೆದುಕೊಂಡು ಹೋಗುವ ಪಾಡು ನನ್ನದಾಗಿತ್ತು. ಉಳಿದ ಕಣ್ಣನ್ನು ಕಾಪಾಡಬೇಕಾದರೆ ಸೋರುವ ರಕ್ತನಾಳಗಳನ್ನು ಲೇಸರ್ ಎಂಬ ಬೆಳಕಿನಿಂದ ಸುಡಬೇಕು, ಎಲ್ಲಿ ಸೋರುತ್ತಿದೆ ಎಂದು ನೋಡಲು ಮೊದಲು ಕಣ್ಣಿನೊಳಗಿನ ಫೋಟೊ ಬೇಕು ಎಂದರು ಡಾಕ್ಟರು. ತೋಳಿಗೆ ಹಳದಿ ಬಣ್ಣದ ಔಷಧಿ ಚುಚ್ಚಿ ಫೋಟೊ ತೆಗೆದರು. ಸುಡಿಸಿಕೊಳ್ಳಲು ಎಂಟನೆಯ ದಿನ ಬರಬೇಕಿತ್ತು. ಹೊರಡುವಾಗ ನರ್ಸ್ ನನ್ನನ್ನು ಬಾಗಿಲಾಚೆ ಕರೆದಳು.

“ಇವತ್ತೆಲ್ಲ ಮೈ ಹಳದಿ ಇರುತ್ತೆ, ಉಚ್ಚೇನೂ ಹಳದಿ ಹೋಗುತ್ತೆ. ಹೆದರ್ಕೋಬೇಡಿ ಅಂತ ಮನೇಲಿ ಹೇಳಿಬಿಡಿ.”

ದೇವನಹಳ್ಳಿ ಬಸ್ಸಿನಲ್ಲಿ ಅತ್ತೆ ಪಕ್ಕದ ಹೆಂಗಸಿಗೆ, ಇಡೀ ಬಸ್ಸಿಗೇ ಕೇಳುವ ಹಾಗೆ ಹೇಳಿದರು: “ನನ್ ಕಣ್ಣು ಚೆನ್ನಾಗಿದ್ದಾಗ ಈ ಸೊಸೆ ಮುಖ ತಿರುಗಿಸ್ಕೊಂಡು ಓಡಾಡ್ತಿದ್ಲು. ಈಗ ನೋಡಿ, ಕಳ್ಳೀನ ಹಿಡ್ಕೊಂಡಂಗೆ ಹಿಡ್ಕೊಂಡವ್ಳೆ.”

ನಾನು ಕೈ ಬಿಟ್ಟೆ, ಬಾಯಿಯನ್ನೂ ಮುಚ್ಚಿದೆ. ಹಳದಿಯ ವಿಷಯ ಕೇಳಿದರೆ ಹೇಳೋಣ, ಇಲ್ಲದಿದ್ದರೆ ಸಾಯಲಿ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಸಂಜೆ ನನ್ನ ಗಂಡನ ಅಕ್ಕ ಬಂದಳು. ತಾಯಿಯ ಮುಖ ನೋಡಿದಳು, ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದವಳೇ ಎದೆ ಬಡಿದುಕೊಂಡಳು. “ಕಾಮಾಲೆ ಕಣೋ ಇದು. ಬೆಂಗಳೂರಿನೋರು ಸೂಜಿ ಚುಚ್ಚಿ ಕಾಮಾಲೆ ತರ್ಸವ್ರೆ,” ಎಂದು ತಮ್ಮನಿಗೆ ಹೇಳಿದಳು. ನಾನು ಒಲೆಯ ಮುಂದಿದ್ದೆ. ಒಂದು ಮಾತು ಸಾಕಿತ್ತು. ಸ್ವಲ್ಪ ಹೊತ್ತು ಪೇಚಾಡಲಿ ಎಂದು ಮುದ್ದೆ ತೊಳಸುತ್ತಲೇ ಇದ್ದೆ. ಅಷ್ಟರಲ್ಲಿ ಪಕ್ಕದ ಊರಿನ ನಾಟಿ ವೈದ್ಯನನ್ನು ಕರೆಸಿಯಾಗಿತ್ತು. ಅವನು ಸೊಪ್ಪು ಅರೆದು ಕುಡಿಸಿದ, ಮೂರು ವಾರ ಪಥ್ಯ ಹೇಳಿದ: ಉಪ್ಪಿಲ್ಲ, ಎಣ್ಣೆಯಿಲ್ಲ, ದಿನಕ್ಕೆ ಎರಡು ಲೋಟ ಕಬ್ಬಿನ ಹಾಲು, ಹೊಸ್ತಿಲು ದಾಟುವಂತಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಕಬ್ಬಿನ ಹಾಲು! ನನಗೂ ದಿಗಿಲಾಯಿತು. ಮಾರನೆಯ ಬೆಳಗ್ಗೆ ಎಲ್ಲರ ಮುಂದೆ ಹೇಳಿದೆ, ಇದು ಕಾಮಾಲೆಯಲ್ಲ, ಫೋಟೊ ಔಷಧಿಯ ಬಣ್ಣ, ನರ್ಸ್ ನನಗೆ ಹೇಳಿದ್ದಾಳೆ ಎಂದು. ಅಷ್ಟು ಹೊತ್ತಿಗೆ ಅತ್ತೆಯ ಮುಖದ ಹಳದಿ ಇಳಿದುಹೋಗಿತ್ತು. ತಾನಾಗಿಯೇ ಇಳಿಯಬೇಕಾದದ್ದು ಅದು, ಹೆಸರು ಮಾತ್ರ ಸೊಪ್ಪಿಗೆ ಬಂತು.

“ಒಂದೇ ದಿನಕ್ಕೆ ಇಳಿಸಿದ ಮದ್ದು ಸುಳ್ಳಾ?” ಎಂದಳು ಗಂಡನ ಅಕ್ಕ. “ಗೊತ್ತಿದ್ದಿದ್ರೆ ನೆನ್ನೆ ಯಾಕೆ ಬಾಯಿ ಬಿಡ್ಲಿಲ್ಲ?”

ಗಂಡ ನನ್ನ ಮುಖವನ್ನೂ ನೋಡಲಿಲ್ಲ. ಎಂಟನೆಯ ದಿನ ಬಂತು, ಹೋಯಿತು. ಅತ್ತೆ ನಡುಮನೆಯಲ್ಲಿ ಕೂತು ಕಬ್ಬಿನ ಹಾಲು ಕುಡಿದರು.

ಪಥ್ಯ ಮುಗಿಯುವ ಮುಂಚೆಯೇ ಒಂದು ಬೆಳಗ್ಗೆ, ಕಣ್ಣ ಮುಂದೆ ಕೆಂಪು ಪರದೆ ಬಿದ್ದಿದೆ ಎಂದರು. ಅತ್ತೆ, ಅವರ ಮಗಳು, ನಾನು ಮೂವರೂ ಬಸ್ಸು ಹತ್ತಿದೆವು. ಕಣ್ಣಿನೊಳಗೆ ರಕ್ತ ತುಂಬಿದೆ, ಬೆಳಕು ಒಳಗೇ ಹೋಗುವುದಿಲ್ಲ, ಇನ್ನು ಸುಡಲಾಗುವುದಿಲ್ಲ ಎಂದರು ಡಾಕ್ಟರು. ಮಗಳು ಕಾಮಾಲೆಯ ಕಥೆ ಹೇಳಿದಳು. ಡಾಕ್ಟರು ನರ್ಸಿನ ಮೇಲೆ ಹರಿಹಾಯ್ದರು.

“ಹಳದಿ ಆಗುತ್ತೆ ಅಂತ ಹೇಳಿ ಕಳಿಸೋದಕ್ಕೆ ಏನಾಗಿತ್ತಮ್ಮ ನಿಮಗೆ?”

ಆ ಹುಡುಗಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ಆ ಮಗೀನ ಬೈಬೇಡಿ ಸಾಮಿ,” ಎಂದರು ಅತ್ತೆ. “ಅದು ಅವತ್ತೇ ಹೇಳಿತ್ತು. ನಮ್ಮನೆ ಸೊಸೆ ಮಾರನೆ ದಿನ ಹೇಳಿದ್ಲು.”

ವಾಪಸು ಬರುವಾಗ ಅತ್ತೆಯ ಪಕ್ಕ ನಾನೇ ಕೂತೆ. ಬೈದರೆ ತಿರುಗಿಸಿ ಬೈಯಲು ಸಿದ್ಧಳಾಗಿದ್ದೆ. ದೇವನಹಳ್ಳಿ ಬಂತೆಂದು ನಾನೇ ಹೇಳಿದಾಗ ಅವರು ನನ್ನ ಕಡೆ ತಿರುಗಿದರು.

“ಇನ್ಮೇಲೆ ಏನಿದ್ರೂ ಅವತ್ತೇ ಹೇಳ್ಬಿಡು ಕಣಮ್ಮಿ,” ಎಂದರು. “ನಿನ್ನ ಮುಖ ನೋಡಿ ತಿಳ್ಕೊಳೋಕೆ ಇನ್ನು ನಂಗಾಗಲ್ಲ.”