ಎಡಚಕ್ಕನ ಕತ್ತರಿ

ಹೊಲಿಗೆಯಂಗಡಿಯಲ್ಲಿ ಎಲ್ಲರೂ ಆಕೆಯನ್ನು ಎಡಚಕ್ಕ ಎಂದೇ ಕರೆಯುತ್ತಿದ್ದರು. ಗಂಡನ ಬಾಯಲ್ಲೂ ಅದೇ ಹೆಸರು. ಗುಂಡಿ ತೂರುವ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ, ಅದೂ ಎಡಗೈ. ಆದರೆ ಕತ್ತರಿ ಹಿಡಿದಳೋ, ಕೆಟ್ಟಿತು ಕೆಲಸ! ಬಟ್ಟೆ ಇಲಿ ಕಡಿದಂತಾಗುತ್ತಿತ್ತು. "ತಾಯೀ, ಕೈ ಮುಗೀತೀನಿ, ಕಟಿಂಗ್ ಟೇಬಲ್ ಹತ್ರ ಬರಬೇಡ" ಎಂದು ಅಂಗಡಿಯ ಕಟಿಂಗ್ ಮಾಸ್ಟರ್ ಹನ್ನೊಂದು ವರ್ಷ ಗದರಿಸಿದ್ದ. ಆಕೆಗೋ ಆಸೆ ಅಂತ ಇದ್ದದ್ದು ಆ ಟೇಬಲ್ ಒಂದರ ಮೇಲೇ. ಈಗ ಮಾಸ್ಟರನ ಬಲಭುಜ ಹಿಡಿದುಕೊಂಡು, ಕತ್ತರಿ ಆಡಿಸಲು ಆಗುತ್ತಿರಲಿಲ್ಲ. ಸೋಮವಾರದಿಂದ ಹೊರಗಿನ ಕಟರ್ ಒಬ್ಬ ಬರುವವನಿದ್ದ. ಅವನು ಬಂದು ನಿಂತರೆ ಮುಗಿಯಿತು, ಎಡಚಕ್ಕನಿಗೆ ಕೊನೆಯತನಕ ಕಾಜಾವೇ ಗತಿ.

ಶನಿವಾರ ಸಾಣೆ ಹಿಡಿಯುವವನು ಬಂದ. ಎಡಚಕ್ಕ ಬಟ್ಟೆಯ ಜೊತೆ ಗುದ್ದಾಡುವುದನ್ನು ಹೋದ ವಾರವೇ ನೋಡಿದ್ದವನು, ಚೀಲದಿಂದ ಉದ್ದನೆಯ ಕತ್ತರಿಯೊಂದನ್ನು ತೆಗೆದ.

"ತಗೋ ಅಕ್ಕಾ, ಎಡಗೈಯವರ ಕತ್ತರಿ."

"ಹೋಗೋ! ಎಡಗೈಯವರ ಚಮಚಾನೂ ಇದ್ಯಾ ಚೀಲದಲ್ಲಿ?"

"ತಮಾಷೆ ಅಲ್ಲಕ್ಕಾ. ಇದರಲ್ಲಿ ಅಲಗು ಅದಲುಬದಲು, ಮೇಲಿಂದು ಎಡಕ್ಕಿದೆ. ಕತ್ತರಿಸಿ ನೋಡು."

ಆಕೆ ತುಂಡು ಬಟ್ಟೆಯೊಂದನ್ನು ಹಾಸಿ, ಸೀಮೆಸುಣ್ಣದಿಂದ ತೋಳಿನ ಗೀಟು ಎಳೆದು ಕತ್ತರಿ ಹಾಕಿದಳು. ಅರ್ಧಕ್ಕೆ ಬಂದವಳು ಗಕ್ಕನೆ ನಿಂತಳು. ಮತ್ತೆ ಕೆಡಿಸಿದಳು ಎಂದು ಮಾಸ್ಟರ್ ಹಣೆ ಚಚ್ಚಿಕೊಂಡ.

"ಗೀಟು ಕಾಣಿಸ್ತಿದೆ!" ಎಂದು ಕಿರುಚಿದಳು ಎಡಚಕ್ಕ.

"ಕಾಣದೆ ಏನು? ನೀನೇ ತಾನೆ ಎಳೆದಿದ್ದು?"

"ಅಲ್ಲ ಮಾಸ್ಟರ್, ಕತ್ತರಿಸ್ತಾ ಇರುವಾಗ! ದಿನಾ ಅಲಗಿನಡಿ ಮುಚ್ಚಿಹೋಗ್ತಿತ್ತು. ನಿಮಗೆಲ್ಲಾ ಕಾಣಿಸ್ತಿತ್ತಾ? ಅಯ್ಯೋ ದೇವರೇ, ಎಲ್ಲರೂ ಅಂದಾಜಿನ ಮೇಲೇ ಕತ್ತರಿಸ್ತಾರೆ ಅಂದ್ಕೊಂಡಿದ್ದೆನಲ್ಲಾ!"

ಮಿಷನ್‌ಗಳೆಲ್ಲ ನಿಂತವು. ಹೊಲಿಯುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಆಕೆಯೇ. ಮಾಸ್ಟರ್ ಮಾತ್ರ ನಗಲಿಲ್ಲ. ತನ್ನ ಹಳೆಯ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ಇನ್ನೊಂದು ತುಂಡಿನ ಮೇಲೆ ಬಗ್ಗಿದ. ಗೀಟು ಅಲಗಿನ ಹಿಂದೆ ಮಾಯವಾಯಿತು, ಬಟ್ಟೆ ಎರಡು ಅಲಗುಗಳ ನಡುವೆ ಮಡಚಿಕೊಂಡಿತು. ಮುಖ ಇಂಗು ತಿಂದ ಮಂಗನಂತಾಯಿತು.

ಆತ ಒಂದು ಕೋಟಿನ ಬಟ್ಟೆ ತಂದು ಟೇಬಲ್ ಮೇಲೆ ಹರವಿದ, ಅಳತೆ ನೋಡಿ ಗೀಟು ಎಳೆದುಕೊಟ್ಟ. ದುಬಾರಿ ಬಟ್ಟೆ. ಎಡಚಕ್ಕ ಹೊಸ ಕತ್ತರಿ ಎತ್ತಿಕೊಂಡು ಬೆನ್ನು, ಎದೆ, ಎರಡು ತೋಳು, ಕಾಲರು ಎಲ್ಲವನ್ನೂ ಕತ್ತರಿಸಿದಳು. ಮಾಸ್ಟರ್ ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದು ಅಂಚು ನೋಡಿದ. ಆಮೇಲೆ ಫೋನ್ ಎತ್ತಿಕೊಂಡ.

"ಸೋಮವಾರ ಬರಬೇಡಪ್ಪಾ, ಬೇಜಾರು ಮಾಡ್ಕೋಬೇಡ. ಕಟರ್ ಸಿಕ್ಕಾಯ್ತು... ಎಲ್ಲಿಂದ ಅಂದ್ರೆ? ಇಲ್ಲೇ ಇದ್ದಳಪ್ಪಾ, ಹನ್ನೊಂದು ವರ್ಷದಿಂದ."