ರಾಜ ಹಾರುವ ಆಟ

ಸೋತ ಆಟವನ್ನು ಮತ್ತೆ ತೆರೆದು ಕಲಿಯುವವರು ಜಾಣರು. ನಾನು ಗೆದ್ದ ಆಟವನ್ನೇ ಮತ್ತೆ ಮತ್ತೆ ನೋಡುವ ಜಾತಿ. ಪುಣೆಯ ಈ ವಾಕಡದಿಂದ ಆಫೀಸಿಗೆ, ಆಫೀಸಿನಿಂದ ವಾಕಡಕ್ಕೆ ತೆವಳಿ ದಣಿದವನಿಗೆ ಬೇರೆ ಗೆಲುವು ಎಲ್ಲಿಂದ ಬರಬೇಕು?

ನನ್ನ ಎದುರಾಳಿ ಕುಲಕರ್ಣಿ ಕಾಕಾ. ಗದಗದ ಕಡೆಯವರು, ಕಾರ್ಖಾನೆಯಿಂದ ನಿವೃತ್ತರಾಗಿ ಚಿಂಚವಾಡದಲ್ಲಿದ್ದಾರೆ. ಮದುವೆಯೊಂದರ ಪಂಕ್ತಿಯಲ್ಲಿ ಪರಿಚಯವಾದದ್ದು. ನಡುವಿನ ಟ್ರಾಫಿಕ್ಕಿಗೆ ಹೆದರಿ ಫೋನಿನಲ್ಲೇ ಚದುರಂಗ ಆಡುತ್ತೇವೆ. ಬಲ್ಲವರು ನೋಡಿದರೆ ಊಟ ಬಿಟ್ಟಾರು, ಅಂಥ ಆಟ. ಆದರೂ ಫೋನು ಪ್ರತಿ ನಡೆಯನ್ನೂ ಭಕ್ತಿಯಿಂದ ಉಳಿಸಿಕೊಳ್ಳುತ್ತದೆ.

ಮೊನ್ನೆ ಸೋತ ಮೇಲೆ ಕಾಕಾ ಫೋನು ಮಾಡಿದರು. "ಸಾಕ್ರಿ ಇನ್ನ. ರಾಜಾ ಸಿಕ್ಕೊಂಡದ್ದು ಕಾಣಂಗಿಲ್ಲ ಅಂದ್ರ ತಲಿ ಮಂದ ಆಗೇದ. ನಮ್ಮಣ್ಣಗೂ ಹಿಂಗ ಸುರು ಆಗಿತ್ತು. ಆಮ್ಯಾಲ ಮನಿ ಮಂದಿ ಗುರ್ತ ಸೈತ ಹಿಡೀಲಿಲ್ಲ."

ಹಾಗೇನಿಲ್ಲ ಎಂದೆ. ಆದರೆ ಹೆದರಿದ್ದೆ.

ಆಟ ತೆರೆದು ಕೂತೆ. ತಪ್ಪು ನಡೆಗೆಲ್ಲ ಯಂತ್ರ ಕೆಂಪು ಗುರುತು ಹಾಕುತ್ತದೆ. ನಮ್ಮ ಆಫೀಸಿನ ಮ್ಯಾನೇಜರರಂತೆ, ತಪ್ಪು ತೋರಿಸುತ್ತದೆಯೇ ಹೊರತು ಯಾಕೆ ಮಾಡಿದೆಯಪ್ಪಾ ಎಂದು ಕೇಳುವುದಿಲ್ಲ. ಕಾಕಾ ನನ್ನ ಮಂತ್ರಿಯನ್ನು ಎಷ್ಟು ಚೆನ್ನಾಗಿ ಬಲೆಗೆ ಕೆಡವಿದ್ದರೆಂದರೆ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಇದು ಮಂದ ತಲೆಯ ಕೆಲಸವೇ? ರಾಜನನ್ನು ಮಾತ್ರ ತಮ್ಮದೇ ಕಾಲಾಳುಗಳ ಹಿಂದೆ, ಹೊರಬರಲು ಒಂದು ಮನೆಯನ್ನೂ ಬಿಡದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದ್ದರು. ನನ್ನ ಆನೆ ನೇರ ಹೋಗಿ ಅವನನ್ನು ಮುಗಿಸಿತು. ಹಿಂದಿನ ಆಟಗಳನ್ನೂ ತೆಗೆದೆ. ಅಲ್ಲೂ ಅದೇ ಕೋಣೆ. ಮರೆವು ಇಷ್ಟು ಶಿಸ್ತಿನಿಂದ ಬರುತ್ತದೆಯೇ ಎಂದು ಅನುಮಾನವಾಯಿತು.

ಆಗ ನೆನಪಾದವರು ನನ್ನ ಸೋದರಮಾವ. ಅವರಾಡುತ್ತಿದ್ದ ಹಳೇ ಪದ್ಧತಿಯಲ್ಲಿ ರಾಜ ಆಟಕ್ಕೊಮ್ಮೆ ಕುದುರೆಯಂತೆ ಹಾರಬಹುದಿತ್ತು. ಹಾರಬಲ್ಲವನಿಗೆ ಕಿಟಕಿ ಯಾಕೆ? ನಾವು ಮೂರ್ಖತನ ಎಂದು ನಗುವ ಎಷ್ಟೋ ನಡೆಗಳು ಬೇರೆ ಊರಿನ ಲೆಕ್ಕದಲ್ಲಿ ಸರಿಯಾಗಿಯೇ ಇರುತ್ತವೆ. ಅದನ್ನು ವಿಚಾರಿಸುವಷ್ಟು ತ್ರಾಣ ನಮಗಿರುವುದಿಲ್ಲ, ಅಷ್ಟೆ.

ಕಾಕಾಗೆ ಫೋನು ಮಾಡಿದೆ. "ನಿಮ್ಮೂರಲ್ಲಿ ರಾಜ ಹಾರ್ತಿದ್ನಾ ಕಾಕಾ?"

"ಹಾರ್ತಿದ್ದಲ್ರಿ, ಒಂದ ಸಲ. ಫೋನಿನ್ಯಾಗ ಹಾರಂಗಿಲ್ಲ, ಗೊತ್ತದ. ಆದ್ರ ಕೈ ಇನ್ನೂ ಅದನ್ನ ನೆಚ್ಚಿಕೊಂಡ ಕೂತದ."

"ನಿಮ್ಮ ತಲೆಗೇನೂ ಆಗಿಲ್ಲ ಕಾಕಾ. ಚಿಕ್ಕಂದಿನಲ್ಲಿ ಕಲಿತದ್ದನ್ನ ನೀವು ಇನ್ನೂ ಮರೆತಿಲ್ಲ."

ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಅಳುತ್ತಿದ್ದಾರೇನೋ ಎಂದುಕೊಂಡೆ. ನೋಡಿದರೆ ಲೆಕ್ಕ ಹಾಕುತ್ತಿದ್ದರು.

"ತಡೀರಿ. ರಾಜಾ ಹಾರಿ ಹೊರಗ ಬಂದ ಅಂತ ಇಟ್ಕೋರಿ. ಇನ್ನ ನಿಮ್ಮ ಮಂತ್ರಿ ಎಲ್ಲಿ ಹೋಗ್ತಾನ?"

ಅವನು ಎಲ್ಲಿಗೂ ಹೋಗುವಂತಿರಲಿಲ್ಲ. ಸೋತೆ ಎಂದು ಒಪ್ಪಿಕೊಂಡೆ.

"ಹಂಗ ಹಾದಿಗೆ ಬರ್ರಿ," ಎಂದರು ಕಾಕಾ. "ಇನ್ನೊಂದಾಟ ಹಚ್ಚರಿ."