ಒಳಮಾತು ಎಂಬ ಗಂಡಸರ ಮಾತು

ಕಾಫಿ ಲೋಟಗಳ ತಟ್ಟೆ ಹಿಡಿದು ನಾನು ಬಾಗಿಲ ಬಳಿ ಬಂದರೆ ಸಾಕು, ಮಾವನವರ ಕೋಣೆಯಲ್ಲಿ ಮಾತು ತಟ್ಟನೆ ನಿಲ್ಲುತ್ತಿತ್ತು. ನಾನು ಆಚೆ ಬಂದೊಡನೆ ಮತ್ತೆ ಗುಸುಗುಸು. ಹಾಸನದ ಕಡೆ, ಕಟ್ಟಾಯಕ್ಕೆ ಹತ್ತಿರದ ನಮ್ಮೂರಿನಲ್ಲಿ ಇದಕ್ಕೆ ಒಳಮಾತು ಎಂದು ಹೆಸರು. ನಾಲ್ಕು ಗಂಡಸರು ಕದವಿಕ್ಕಿಕೊಂಡು ಎಲ್ಲವನ್ನೂ ತೀರ್ಮಾನಿಸಿ, ಆಮೇಲೆ ಊರನ್ನು ಅರಳಿಕಟ್ಟೆಗೆ ಕರೆದು, 'ಏನ್ ಮಾಡಾಣ ಯೋಳ್ರಪ್ಪಾ' ಎಂದು ಬಲು ವಿನಯದಿಂದ ಕೇಳುವ ವಿದ್ಯೆ ಅದು. ನಿಘಂಟು ತೆರೆದರೆ ನಿಮಗೆ ಗುಟ್ಟು, ಅಂತರಂಗ ಎಂಬ ಘನವಾದ ಅರ್ಥಗಳು ಸಿಕ್ಕಾವು. ನಮ್ಮೂರಿನ ಒಳಮಾತಿನಲ್ಲಿ 'ಒಳ' ಇತ್ತೇ ಹೊರತು ಒಳಿತು ಇರಲಿಲ್ಲ.

ನಾನು ಹೊಳೆನರಸೀಪುರದಿಂದ ಸೊಸೆಯಾಗಿ ಬಂದ ಹೊಸತು, ಐವತ್ತರ ದಶಕದ ಕೊನೆ. ಸರ್ಕಾರ ನಮ್ಮೂರಿಗೆ ಹೆರಿಗೆ ಮಾಡಿಸಲು ರುಕ್ಮಿಣಮ್ಮ ಎಂಬ ನರ್ಸನ್ನು ಕಳಿಸಿತು. ಚನ್ನರಾಯಪಟ್ಟಣದ ಕಡೆಯವರು, ಗಂಡನನ್ನು ಕಳೆದುಕೊಂಡವರು, ಸಣ್ಣ ದನಿಯ ಗಟ್ಟಿ ಹೆಂಗಸು. ಅವರಿಗೆ ಮನೆ ಎಲ್ಲಿ ಕೊಡಬೇಕೆಂದು, ಜನ್ಮದಲ್ಲಿ ಹೆರದ ನಾಲ್ವರು ಕೂತು ನಿಶ್ಚಯಿಸಿದರು. ನಮ್ಮ ಬೀದಿಯಲ್ಲೇ, ನಮ್ಮ ಹಿತ್ತಲಿಗೆ ಅಂಟಿಕೊಂಡ ಮನೆ. ಊರಾಚೆಯ ಕೇರಿಯ ಹೆಂಗಸರು ಆ ಬೀದಿಗೆ ಕಾಲಿಡುವಂತಿರಲಿಲ್ಲ ಎಂಬುದು ಅಲ್ಲಿದ್ದ ಯಾರಿಗೂ ಮರೆತಿರಲಿಲ್ಲ.

ಕಟ್ಟೆಯ ಮುಂದೆ ಎಲ್ಲರೂ ತಲೆಯಾಡಿಸಿದರು. ದೂರದಲ್ಲಿ ನಿಂತಿದ್ದ ಕೇರಿಯ ಸಣ್ಣಮ್ಮ ಮಾತ್ರ ಕೇಳಿದಳು: "ನಮ್ ಎಣ್ಮಕ್ಳು ಎಲ್ಲಿಗ್ ಓಗ್ಬೇಕು ಸಾ?"

"ಒಳಮಾತು ಮುಗ್ದದೆ ಕಣಮ್ಮಿ," ಎಂದರು ಮಾವ.

ಆಗ ರುಕ್ಮಿಣಮ್ಮ ಎದ್ದು, "ಹೆರಿಗೆ ನೋವು ನಿಮ್ಮನ್ನ ಕೇಳ್ಕಂಡು ಬತ್ತದಾ?" ಎಂದವರೇ ತಮ್ಮ ಟ್ರಂಕು ಎತ್ತಿಸಿಕೊಂಡು ಹೋಗಿ ಸಣ್ಣಮ್ಮನ ಮನೆಯ ಜಗಲಿಯಲ್ಲಿ ಇಳಿಸಿದರು. ಅಲ್ಲೇ ಉಳಿದರು.

ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ ನನಗೆ ನೋವು ಕಾಣಿಸಿತು. ಮಾವನವರ ಕೋಣೆಯ ಕದ ಮುಚ್ಚಿತು. ಕೇರಿಯ ನೀರು ಕುಡಿದವಳು ಒಳಗೆ ಬರಕೂಡದು, ಗಾಡಿ ಕಟ್ಟಿ ನನ್ನನ್ನು ಹಾಸನಕ್ಕೆ ಸಾಗಿಸಬೇಕು ಎಂದು ತೀರ್ಮಾನವಾಯಿತು. ನನ್ನ ಗಂಡನೂ ತಲೆಯಾಡಿಸಿದನಂತೆ. ಆ ಕಲ್ಲುದಾರಿಯಲ್ಲಿ, ಆ ಗಾಡಿಯಲ್ಲಿ, ನನ್ನ ಹೆಣ ಹಾಸನ ತಲುಪುತ್ತಿತ್ತೋ ಏನೋ. ಅದು ಅವರ ಚರ್ಚೆಯ ವಿಷಯವಾಗಿರಲಿಲ್ಲ.

ಗೋಡೆ ಹಿಡಿದುಕೊಂಡು ಎದ್ದೆ. "ಅತ್ತೆ, ನಾನು ಕೇರಿಗೆ ಹೋಗ್ತೀನಿ."

ಮೂವತ್ತು ವರ್ಷ ಆ ಮನೆಯಲ್ಲಿ ಕಾಫಿ ಕೊಟ್ಟು ಸುಮ್ಮನಿದ್ದ ಅತ್ತೆ, ಗಂಡಸರಿದ್ದ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, "ನಡಿ ಮಗ, ನಾನೂ ಬತ್ತೀನಿ," ಎಂದು ನನ್ನ ತೋಳು ಹಿಡಿದರು.

ಊರೆಲ್ಲ ನೋಡುತ್ತಿರಲು ಬೀದಿಯ ನಡುವೆಯೇ ನಡೆದೆವು. ಸಣ್ಣಮ್ಮ ನೀರು ಕಾಯಿಸಿದಳು, ರುಕ್ಮಿಣಮ್ಮನ ಕೈಗೆ ಹೆಣ್ಣು ಕೂಸು ಬಂತು. ಸಂಜೆ ಯಾರೋ ಕದ ತೆಗೆದ ಮೇಲೆ ಮಾವ ಕೇರಿಯ ಅಂಚಿನವರೆಗೆ ಬಂದು, ಮುಂದೆ ಹೆಜ್ಜೆಯಿಡಲಾರದೆ, ಹಿಂದಿರುಗಲೂ ಆಗದೆ ನಿಂತಿದ್ದರಂತೆ. ಕೂಸಿಗೆ ಯಾವ ಅಜ್ಜಿಯ ಹೆಸರಿಡಬೇಕೆಂದು ಗಂಡಸರು ಇನ್ನೂ ಯೋಚಿಸುತ್ತಿರುವಾಗಲೇ, ಒಳಗೆ ನಾವು ಹೆಂಗಸರು ಅದನ್ನು ರುಕ್ಕೂ ಎಂದು ಗಟ್ಟಿಯಾಗಿ ಕರೆಯತೊಡಗಿದ್ದೆವು.